ಚಳಿಗೆ ಗಟ್ಟಿ ಭಜ್ಜಿ ಮಾಡಬೇಕು, ಅಳತೆ ಸಮೇತ ಹೇಳುತ್ತೀರಾ?

ಬೀದರಿಗೆ ಹೊಸಬಳು:

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಮನೆಯವರಿಗೆ ಬೀದರಿಗೆ ವರ್ಗವಾಯಿತು, ಜೂನ್‌ನಿಂದ ಇಲ್ಲೇ ಇದ್ದೇವೆ. ಇಲ್ಲಿನ ಬಿಸಿಲಿನ ಬಗ್ಗೆ ಎಲ್ಲರೂ ಹೇಳಿದ್ದರು. ಚಳಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ಹೋದರೆ ಗಾಳಿ ಕಿವಿಗೆ ಚುಚ್ಚುತ್ತದೆ. ಸಂಜೆ ಏಳಕ್ಕೆಲ್ಲ ಅತ್ತೆ ಕಂಬಳಿ ಹೊದ್ದು ಕೂರುತ್ತಾರೆ. ಅವರಿಗೆ ಎಪ್ಪತ್ತು ದಾಟಿದೆ, ಹಲ್ಲು ಕಡಿಮೆ. ಅನ್ನ ಸಾರು ಸಾಕು ಅಂತ ಒಂದಿಷ್ಟು ಉಂಡು ಏಳುತ್ತಾರೆ. ಸೊರಗಿಬಿಟ್ಟಿದ್ದಾರೆ.

ಮೊನ್ನೆ ಪಕ್ಕದ ಮನೆ ಅಕ್ಕ ಒಂದು ಬಟ್ಟಲು ಭಜ್ಜಿ ಕೊಟ್ಟರು. ಕಾಳು, ಸೊಪ್ಪು, ತರಕಾರಿ ಎಲ್ಲ ಬೆಂದು ಒಂದಾಗಿ ಗಟ್ಟಿಯಾಗಿತ್ತು. ಬಿಸಿ ಬಿಸಿ ಹುಳಿ ಖಾರ. ಅತ್ತೆ ಅದನ್ನು ಮುದ್ದೆಯ ಜೊತೆ ಪೂರ್ತಿ ತಿಂದರು. ಇನ್ನೂ ಇದೆಯಾ ಅಂತ ಕೇಳಿದರು. ಈ ನಡುವೆ ಅವರು ಹಾಗೆ ಕೇಳಿದ್ದೇ ಇಲ್ಲ.

ಪಕ್ಕದ ಮನೆಯವರನ್ನು ಕೇಳಿದರೆ, "ಏನಿಲ್ಲವ್ವಾ, ಇದ್ದ ಪಲ್ಯೆ, ಇದ್ದ ಕಾಳು ಎಲ್ಲಾ ಹಾಕಿ ಕುದಿಸಿ ಹಿಟ್ಟು ಹಚ್ಚೋದು" ಅಂದರು. ಅವರ ಕೈಗೆ ಅಳತೆ ಗೊತ್ತು, ನನಗೆ ಬೇಕಲ್ವಾ. ಐದು ಜನಕ್ಕೆ ಯಾವುದು ಎಷ್ಟು? ಯಾವ ಕಾಳು ಇರಲೇಬೇಕು? ಕುಕ್ಕರಿನಲ್ಲಿ ಮಾಡಬಹುದಾ? ಎಳ್ಳಮಾವಾಸ್ಯೆಗೆ ಮಾತ್ರ ಮಾಡುವುದು ಅಂತಲೂ ಯಾರೋ ಹೇಳಿದರು. ಬೇರೆ ದಿನ ಮಾಡಿದರೆ ತಪ್ಪಾ?

ಶಹಾಪುರದ ಹುಡುಗ:

ಅಕ್ಕಾ, ಯಾವಾಗ ಬೇಕಾದರೂ ಮಾಡಿ, ತಪ್ಪೇನಿಲ್ಲ. ನಾನು ಯಾದಗಿರಿಯಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಬಟಾಣಿ, ಅವರೆ, ಗಜ್ಜರಿ (ಕ್ಯಾರೆಟ್), ಪಾಲಕ, ಮೆಂತೆ, ಹಸಿ ಮೆಣಸಿನಕಾಯಿ, ಹುಣಸೆ ರಸ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸುತ್ತೇನೆ. ಆಮೇಲೆ ಕಡಲೆ ಹಿಟ್ಟು ಕಲಸಿ ಹಾಕಿ ಒಂದು ಕುದಿ. ಅರ್ಧ ಗಂಟೆಯಲ್ಲಿ ಊಟ ಆಗುತ್ತದೆ. ಕೆಲಸ ಮುಗಿಸಿ ಬಂದವರಿಗೆ ಇದು ಸಾಕು.

ಆಳಂದದ ಅಕ್ಕ:

ತಂಗೀ, ಅತ್ತೆ ಇನ್ನೂ ಇದೆಯಾ ಅಂತ ಕೇಳಿದರಲ್ಲ, ಅದನ್ನು ಓದಿ ಖುಷಿಯಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮದು ಆಳಂದ ತಾಲೂಕಿನ ಹಳ್ಳಿ, ಈಗ ಇರುವುದು ಕಲಬುರಗಿ. ಹೊಲ ಇನ್ನೂ ಇದೆ, ತೊಗರಿ ಕಡಲೆ ಬೆಳೆಯುತ್ತೇವೆ. ಹೀಗಾಗಿ ಡಿಸೆಂಬರ್ ಬಂದರೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಭಜ್ಜಿ ಇದ್ದೇ ಇರುತ್ತದೆ.

ಮೊದಲು ಅಮಾವಾಸ್ಯೆ ಮಾತು. ಎಳ್ಳಮಾವಾಸ್ಯೆ ಅಂದರೆ ಮಾರ್ಗಶಿರದ ಅಮಾವಾಸ್ಯೆ. ಅವತ್ತು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರು ಅಂತ ಪೂಜೆ ಮಾಡಿ, ಹೊಲದ ತುಂಬ ಚರಗ ಚೆಲ್ಲಿ, ಅಂದರೆ ತಂದ ಅಡಿಗೆಯನ್ನು ಭೂಮಿತಾಯಿಗೆ ಎಡೆಯಾಗಿ ಎರಚಿ, ಆಮೇಲೆ ಊಟ. ಭಜ್ಜಿ ಆ ಊಟದ ಮುಖ್ಯ ಅಡಿಗೆ. ಆದರೆ ಅದು ಆ ಒಂದೇ ದಿನದ್ದು ಅಂತ ಯಾರು ಹೇಳಿದರೋ. ಅಧಿಕ ಮಾಸ ಬಂದು ಹಬ್ಬ ಮುಂದೆ ಹೋಗಿದ್ದಕ್ಕೆ 2023ರಲ್ಲಿ ಎಳ್ಳಮಾವಾಸ್ಯೆ ಬರಲೇ ಇಲ್ಲ. 2024ರಲ್ಲಿ ಜನವರಿ 11ಕ್ಕೆ ಒಂದು, ಡಿಸೆಂಬರ್ 30ಕ್ಕೆ ಇನ್ನೊಂದು ಬಂತು. ಹಾಗಂತ 2023ರ ಡಿಸೆಂಬರಿನಲ್ಲಿ ನಾವು ಭಜ್ಜಿ ಬಿಟ್ಟೆವಾ? ಭಜ್ಜಿ ನಡೆಯುವುದು ಹೊಲದ ಲೆಕ್ಕದ ಮೇಲೆ. ಮುಂಗಾರಿಗೆ ಬಿತ್ತಿದ ತೊಗರಿ ಈಗ ಹಸಿ ಕಾಯಿ. ಹಿಂಗಾರಿ ಕಡಲೆಯೂ ಕಾಯಿ ಕಟ್ಟುತ್ತಾ ಬರುತ್ತದೆ. ಅವರೆ ಬಂದಿರುತ್ತದೆ. ಹುಣಸೆ ಮರದಲ್ಲಿ ಕಾಯಿ ಇನ್ನೂ ಹಸಿರು, ಹಣ್ಣಾಗುವುದು ಶಿವರಾತ್ರಿ ಹೊತ್ತಿಗೆ. ಎಲ್ಲವೂ ಒಟ್ಟಿಗೆ ಸಿಗುವುದು ಈ ಒಂದೂವರೆ ಎರಡು ತಿಂಗಳಲ್ಲಿ ಮಾತ್ರ. ಆದ್ದರಿಂದ ಈಗಲೇ ಮಾಡು, ಮೇಲಿಂದ ಮೇಲೆ ಮಾಡು.

ಶಹಾಪುರದ ತಮ್ಮ ಹೇಳಿದ್ದು ಅವಸರಕ್ಕೆ ಸರಿ. ಆದರೆ ಎಲ್ಲ ಒಟ್ಟಿಗೆ ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಭಜ್ಜಿಯಲ್ಲಿ ಏನು ಹಾಕಿದೆ ಅನ್ನುವುದಕ್ಕಿಂತ ಯಾವುದನ್ನು ಯಾವಾಗ ಹಾಕಿದೆ ಅನ್ನುವುದೇ ದೊಡ್ಡದು. ಮುಖ್ಯವಾಗಿ ಹುಳಿ. ಕಾಳು ಬೇಯುವ ಮೊದಲೇ ಹುಣಸೆ ರಸ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ಎಷ್ಟು ಕುದಿಸಿದರೂ ಸಿಪ್ಪೆ ಹಲ್ಲಿಗೆ ಸಿಗುತ್ತದೆ. ಕಾಳಿನ ಒಳಗಿನ ಗೋಡೆಗಳನ್ನು ಹಿಡಿದಿಟ್ಟ ಅಂಶ ಹುಳಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಅದಕ್ಕೇ ಹೀಗೆ. ನಿನ್ನ ಅತ್ತೆಗೆ ಹಲ್ಲು ಕಡಿಮೆ ಅಂತೀಯಲ್ಲ, ನಿನಗಂತೂ ಇದು ಬಹಳ ಮುಖ್ಯ.

ಈಗ ಅಳತೆ. ಚಹಾ ಲೋಟಕ್ಕಿಂತ ದೊಡ್ಡ, 200 ಎಂ.ಎಲ್. ಹಿಡಿಯುವ ಬಟ್ಟಲು ಇಟ್ಟುಕೋ. ಸುಲಿದ ಹಸಿ ತೊಗರಿ ಕಾಳು ಒಂದು ಬಟ್ಟಲು, ಹಸಿ ಅವರೆ ಕಾಳು ಒಂದು ಬಟ್ಟಲು, ಹಸಿ ಕಡಲೆ ಅರ್ಧ, ಬಟಾಣಿ ಅರ್ಧ. ಶೇಂಗಾ ಒಂದು ಹಿಡಿ, ಅದನ್ನು ಎರಡು ತಾಸು ಮೊದಲೇ ನೆನೆಹಾಕು. ತೊಗರಿ ಮತ್ತು ಅವರೆ ಇರಲೇಬೇಕು. ಉಳಿದವು ಸಿಕ್ಕರೆ ಹಾಕು. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ನಿಮಗೆಲ್ಲ ಗೊತ್ತಿರಬಹುದು. ಆದರೆ ನನ್ನ ಕೇಳಿದರೆ ತೊಗರಿಯ ನಿಜವಾದ ರುಚಿ ಹಸಿ ಕಾಳಿನಲ್ಲೇ. ಒಂದು ಸಿಹಿ ಇರುತ್ತದೆ, ಒಣಗಿದ ಮೇಲೆ ಅದು ಹೋಗಿಬಿಡುತ್ತದೆ.

ತರಕಾರಿಯಲ್ಲಿ ಗಜ್ಜರಿ ಎರಡು, ಗುಂಡು ಬದನೆಕಾಯಿ ನಾಲ್ಕು, ಗೆಣಸು ಒಂದು, ಚವಳಿಕಾಯಿ (ನಿಮ್ಮ ಕಡೆ ಗೋರಿಕಾಯಿ) ಒಂದು ಹಿಡಿ. ಸೊಪ್ಪಿನಲ್ಲಿ ಮೆಂತೆ ಒಂದು ಕಟ್ಟು, ಪಾಲಕ ಎರಡು ಕಟ್ಟು, ಪುಂಡಿಪಲ್ಯೆ (ಗೊಂಗೂರ ಸೊಪ್ಪು) ಅರ್ಧ ಕಟ್ಟು, ಉಳ್ಳಾಗಡ್ಡಿ ತಪ್ಪಲು ಒಂದು ಹಿಡಿ. ಎಳೇ ಕಡಲೆ ಸೊಪ್ಪು ಸಿಕ್ಕರೆ ಒಂದು ಹಿಡಿ ಹಾಕು, ಅದಕ್ಕೆ ಅದರದ್ದೇ ಹುಳಿ ಇರುತ್ತದೆ. ಟೊಮ್ಯಾಟೊ ನಾನು ಹಾಕುವುದಿಲ್ಲ. ಬೀಟ್‌ರೂಟ್ ಬೇಡವೇ ಬೇಡ, ಬಣ್ಣ ಕೆಡುತ್ತದೆ. ಕೋಸು ಹಾಕಿದರೆ ಅದರ ವಾಸನೆಯೇ ಎದ್ದು ನಿಲ್ಲುತ್ತದೆ. ಗರಂ ಮಸಾಲೆ ಹಾಕುವವರನ್ನೂ ನೋಡಿದ್ದೇನೆ. ದಯವಿಟ್ಟು ಹಾಕಬೇಡ. ಇಷ್ಟೊಂದು ಹಸಿ ಕಾಳು, ಹಸಿ ಸೊಪ್ಪಿನ ರುಚಿ ಇರುವಾಗ ಅದರ ಮೇಲೆ ಲವಂಗ ಚಕ್ಕೆ ಯಾಕೆ?

ಖಾರಕ್ಕೆ ಹಸಿ ಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಒಂದು ಇಡೀ ಗಡ್ಡೆ, ಜೀರಿಗೆ ಒಂದು ಚಮಚ, ಸ್ವಲ್ಪ ಶುಂಠಿ. ಮಕ್ಕಳಿದ್ದಾರೆ ಅಂದರೆ ಮೆಣಸಿನಕಾಯಿ ಐದಕ್ಕೆ ಇಳಿಸು. ಇವನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟು. ಮಿಕ್ಸಿ ಆದರೆ ಎರಡೇ ಸುತ್ತು. ನುಣ್ಣಗೆ ಆದರೆ ಬೆಳ್ಳುಳ್ಳಿ ಕಹಿ ಬರುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಐದು ಬಟ್ಟಲು ನೀರು ಕಾಯಿಸಿ ಕಾಳು, ಶೇಂಗಾ, ಚಿಟಿಕೆ ಅರಿಶಿನ ಹಾಕು. ಹಸಿ ಕಾಳು ಆದರೆ ಕಾಲು ಗಂಟೆ ಇಪ್ಪತ್ತು ನಿಮಿಷ ಸಾಕು. ಒಂದು ತೊಗರಿ ಕಾಳು ತೆಗೆದು ಎರಡು ಬೆರಳಲ್ಲಿ ಒತ್ತಿ ನೋಡು. ಸಿಪ್ಪೆ ಜಾರಿ ಒಳಗಿನದು ಹಿಟ್ಟಿನ ಹಾಗೆ ಒಡೆದರೆ ಆಯಿತು. ಆಮೇಲೆ ಗಜ್ಜರಿ, ಗೆಣಸು, ಚವಳಿಕಾಯಿ. ಐದು ನಿಮಿಷ ಬಿಟ್ಟು ಬದನೆಕಾಯಿ. ಅದು ಮೆತ್ತಗಾದ ಮೇಲೆ ಕುಟ್ಟಿದ ಖಾರ, ಹಿಂದೆಯೇ ಸೊಪ್ಪು. ಸೊಪ್ಪು ಹಾಕಿದಾಗ ಪಾತ್ರೆ ತುಂಬಿ ತುಳುಕುತ್ತದೆ, ಗಾಬರಿ ಆಗಬೇಡ, ಎರಡು ನಿಮಿಷದಲ್ಲಿ ಕೆಳಗೆ ಇಳಿಯುತ್ತದೆ. ಇಳಿದ ಮೇಲೆಯೇ ಉಪ್ಪು. ಮೊದಲೇ ಹಾಕಿದರೆ ಆ ರಾಶಿ ನೋಡಿ ಕೈ ಜಾಸ್ತಿಯಾಗುತ್ತದೆ.

ಹುಣಸೆಕಾಯಿ ಮೂರು ನಾಲ್ಕು ಬೇರೆ ಬೇಯಿಸಿ, ಹಿಚುಕಿ, ಸೋಸಿ ಇಟ್ಟುಕೊಂಡಿರಬೇಕು. ಕಾಯಿ ಸಿಗದಿದ್ದರೆ ನಿಂಬೆ ಗಾತ್ರದ ಹಳೆ ಹುಣಸೆಹಣ್ಣಿನ ರಸ ನಡೆಯುತ್ತದೆ, ಆದರೆ ಬಣ್ಣ ಸ್ವಲ್ಪ ಕಪ್ಪಾಗುತ್ತದೆ. ಪುಂಡಿಪಲ್ಯೆಯೇ ಹುಳಿ ಇರುವುದರಿಂದ ರಸವನ್ನು ಅರ್ಧ ಹಾಕಿ, ನೆಕ್ಕಿ ನೋಡಿ, ಆಮೇಲೆ ಉಳಿದದ್ದು.

ಇನ್ನು ಹಿಟ್ಟು ಹಚ್ಚುವುದು. ಭಜ್ಜಿ ಕೆಡುವುದೂ ಇಲ್ಲೇ, ಒಂದಾಗುವುದೂ ಇಲ್ಲೇ. ಅರ್ಧ ಬಟ್ಟಲು ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಬೇಕು. ಬಿಸಿ ನೀರಿಗೆ ಹಾಕಿದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಒಳಗೆ ಒಣ ಹಿಟ್ಟಿನ ಗಂಟು ಉಳಿಯುತ್ತದೆ. ಮೊದಲು ಸ್ವಲ್ಪೇ ನೀರು ಹಾಕಿ ಗಟ್ಟಿಯಾಗಿ ಕಲಸಿ ಗಂಟು ಒಡೆದು, ಆಮೇಲೆ ನೀರು ಮಾಡಿಕೋ. ಉರಿ ಸಣ್ಣ ಮಾಡು. ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಸೌಟು ತಿರುಗಿಸುತ್ತಾ ಇರು. ಮೊದಲು ಏನೂ ಆಗಿಲ್ಲ ಅನ್ನಿಸುತ್ತದೆ. ಎರಡು ಮೂರು ನಿಮಿಷಕ್ಕೆ ಸೌಟಿಗೆ ಭಾರ ಗೊತ್ತಾಗುತ್ತದೆ. ಮೇಲೆ ಬರುತ್ತಿದ್ದ ಸಣ್ಣ ಸಣ್ಣ ಗುಳ್ಳೆ ನಿಂತು, ದೊಡ್ಡ ಗುಳ್ಳೆ ಬುದ್ ಬುದ್ ಅಂತ ಒಡೆಯಲು ಶುರುವಾಗುತ್ತದೆ. ಅದು ಹಾರಿ ಕೈ ಸುಡುತ್ತದೆ, ಉದ್ದ ಹಿಡಿಕೆಯ ಸೌಟು ತಗೋ, ಮಕ್ಕಳನ್ನು ಒಲೆ ಹತ್ತಿರ ಬಿಡಬೇಡ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಇನ್ನೂ ಹತ್ತು ನಿಮಿಷ ಬೇಕು. ಮೂಗು ಹತ್ತಿರ ಒಯ್ದು ನೋಡು. ಹಸಿ ಹಿಟ್ಟಿನ ವಾಸನೆ ಹೋಗಿ ಬೆಂದ ಬೇಳೆಯ ವಾಸನೆ ಬರಬೇಕು. ಬಣ್ಣ ತಿಳಿ ಹಳದಿಯಿಂದ ಹಸಿರು ಕಲೆತ ಹಳದಿಗೆ ತಿರುಗಿ ಮೇಲೆ ಒಂದು ಹೊಳಪು ಬರುತ್ತದೆ. ಆಗ ಆಯಿತು. ಸೌಟಿನಿಂದ ಬಿಟ್ಟರೆ ನಿಧಾನಕ್ಕೆ ಇಳಿಯಬೇಕು, ರೊಟ್ಟಿ ಮೇಲೆ ಹಾಕಿದರೆ ಹರಿಯದೆ ನಿಲ್ಲಬೇಕು.

ಒಗ್ಗರಣೆ ಕೊನೆಗೆ. ಕುಸುಬೆ ಎಣ್ಣೆ ಇದ್ದರೆ ಬಹಳ ಚೆಂದ, ಇಲ್ಲವಾದರೆ ಶೇಂಗಾ ಎಣ್ಣೆ. ಮೂರು ಚಮಚ. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಐದಾರು ಎಸಳು ಕೆಂಪಗೆ ಮಾಡಿ ಮೇಲೆ ಸುರಿದು ಮುಚ್ಚಿಡು. ಹತ್ತು ನಿಮಿಷ ಮುಟ್ಟಬೇಡ.

ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಜೋಳದ್ದೂ ನಡೆಯುತ್ತದೆ. ಅನ್ನಕ್ಕೆ ಹಾಕಿಕೊಳ್ಳುವುದನ್ನು ನಾನು ಬೇಡ ಅನ್ನುವುದಿಲ್ಲ, ಆದರೆ ಅತ್ತೆ ಸೊರಗಿದ್ದಾರೆ ಅಂತೀಯಲ್ಲ, ಸಜ್ಜೆಯೋ ಜೋಳವೋ ನಿಮ್ಮ ರಾಗಿಯೋ ಹೊಟ್ಟೆಗೆ ಹೋಗಲಿ. ಕಾಳಿನ ಪ್ರೋಟೀನಿನಲ್ಲಿ ಕಡಿಮೆ ಇರುವುದನ್ನು ಸಿರಿಧಾನ್ಯ ತುಂಬುತ್ತದೆ, ಅದರಲ್ಲಿ ಕಡಿಮೆ ಇರುವುದನ್ನು ಕಾಳು ತುಂಬುತ್ತದೆ. ಎರಡೂ ಒಂದೇ ತಟ್ಟೆಯಲ್ಲಿ ಬಂದರೆ ಮೈಗೆ ಹತ್ತುತ್ತದೆ. ಸಜ್ಜೆ ಹಿಟ್ಟು ಮಾತ್ರ ಸ್ವಲ್ಪ ಸ್ವಲ್ಪೇ ಬೀಸಿಸಿಕೋ. ಅದರಲ್ಲಿ ಎಣ್ಣೆಯಂಶ ಜಾಸ್ತಿ, ಕೆಲವೇ ದಿನಕ್ಕೆ ಕಹಿ ತಿರುಗುತ್ತದೆ.

ಭಾಲ್ಕಿ ಕಡೆಯವ:

ಅಕ್ಕನವರು ಹೇಳಿದ್ದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಬೀದರ್ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ನಮ್ಮ ಮನೆಯಲ್ಲಿ ಕಡಲೆ ಹಿಟ್ಟಿನ ಜೊತೆ ಒಂದು ಚಮಚ ಜೋಳದ ಹಿಟ್ಟನ್ನೂ ಕಲಸುತ್ತಾರೆ. ಬರೀ ಕಡಲೆ ಹಿಟ್ಟಾದರೆ ಕೆಲವರಿಗೆ ಹೊಟ್ಟೆ ಉಬ್ಬರ ಬರುತ್ತದೆ. ವಯಸ್ಸಾದವರಿಗೆ ಹೀಗೆ ಮಾಡಿದರೆ ಹಗುರ. ಮತ್ತೆ ಬೋರೆಹಣ್ಣು ನಾಲ್ಕೈದು ಹಾಕುತ್ತೇವೆ, ಅರೆಹಣ್ಣು ಆದರೆ ಒಳ್ಳೆಯದು. ಅತ್ತೆಯವರಿಗೆ ಬಡಿಸುವಾಗ ಬೀಜ ತೆಗೆಯಲು ಮರೆಯಬೇಡಿ.

ಜೊತೆಗೆ ಅಂಬಲಿ ಬೇಕೇ ಬೇಕು. ಜೋಳದ ಹಿಟ್ಟನ್ನು ಕುದಿಸಿ ಆರಿಸಿ, ಮಜ್ಜಿಗೆ, ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕುವುದು. ಭಜ್ಜಿಯ ಖಾರಕ್ಕೆ ಅದು ಸರಿ. ನಮ್ಮ ಗಡಿ ದಾಟಿ ಲಾತೂರ್ ಕಡೆ ಹೋದರೂ ಇದೇ ಅಮಾವಾಸ್ಯೆಗೆ ಇದೇ ಭಜ್ಜಿ, ಇದೇ ಅಂಬಲಿ. ಅಲ್ಲಿ ವೇಳ ಅಮಾವಾಸ್ಯೆ ಅನ್ನುತ್ತಾರೆ. ನಮ್ಮ ಅಕ್ಕನನ್ನು ಆ ಕಡೆಗೇ ಕೊಟ್ಟಿದ್ದೇವೆ, ಅಡಿಗೆ ಬದಲಾಗಲಿಲ್ಲ ಅಂತ ಅವಳು ಖುಷಿ.

ಪೇಟೆಯಲ್ಲಿ ಸುಲಿದ ಕಾಳು ತಗೊಳ್ಳಬೇಡಿ. ಬೆಳಗ್ಗೆ ಹಳ್ಳಿಗಳಿಂದ ಬಂದು ಕೂರುವವರ ಹತ್ತಿರ ಕಾಯಿ ತಗೊಂಡು ಮನೆಯಲ್ಲಿ ಸುಲಿಯಿರಿ. ಸುಲಿದ ಕಾಳನ್ನು ಕೆಲವು ಕಡೆ ನೀರಿನಲ್ಲಿ ಇಟ್ಟಿರುತ್ತಾರೆ, ರುಚಿ ಅರ್ಧ ನೀರಿಗೆ ಹೋಗಿರುತ್ತದೆ. ತೊಗರಿ ಕಾಯಿ ಕೈಯಲ್ಲಿ ಹಿಡಿದರೆ ಹಸಿರಾಗಿ ಉಬ್ಬಿರಬೇಕು. ಕಾಯಿಯ ಮೇಲೆ ಸಣ್ಣ ತೂತು ಕಂಡರೆ ಒಳಗೆ ಹುಳ ಇದೆ ಅಂತ ಲೆಕ್ಕ.

ಬೀದರಿಗೆ ಹೊಸಬಳು:

ಅಕ್ಕಾ, ಅಣ್ಣಾ, ನಿಮಗೆಲ್ಲ ಎಷ್ಟು ಧನ್ಯವಾದ ಹೇಳಲಿ. ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ. ಭಾನುವಾರ ಮಾಡುತ್ತೇನೆ.

ಇನ್ನೂ ಸ್ವಲ್ಪ ಕೇಳಬೇಕು. ನಮ್ಮ ಬೀದಿಯಲ್ಲಿ ಅವರೆ, ಬಟಾಣಿ ಸಿಗುತ್ತದೆ, ಹಸಿ ತೊಗರಿ ಪ್ರತಿದಿನ ಬರುವುದಿಲ್ಲ. ಒಣ ಕಾಳು ನೆನೆಹಾಕಿ ಮಾಡಬಹುದಾ? ಅತ್ತೆಗೆ ಮಾತ್ರ ಇನ್ನೂ ಮೆತ್ತಗೆ ಮಾಡುವುದು ಹೇಗೆ? ಪೂರ್ತಿ ರುಬ್ಬಿಬಿಡಲಾ? ಮಕ್ಕಳು ಸೊಪ್ಪು ಕಂಡರೆ ತಟ್ಟೆ ಸರಿಸುತ್ತಾರೆ, ಅದಕ್ಕೂ ಏನಾದರೂ ದಾರಿ ಹೇಳಿ.

ಆಳಂದದ ಅಕ್ಕ:

ಒಣ ಕಾಳಿನಲ್ಲಿ ಧಾರಾಳವಾಗಿ ಮಾಡಬಹುದು. ಫೆಬ್ರವರಿ ಆದ ಮೇಲೆ ನಾವೂ ಹಾಗೇ ಮಾಡುವುದು. ಇಡೀ ತೊಗರಿ, ಅವರೆ, ಕಡಲೆ ಎಲ್ಲ ಸೇರಿ ಒಂದೂವರೆ ಬಟ್ಟಲು ಸಾಕು, ನೆನೆದರೆ ಎರಡು ಪಟ್ಟು ಆಗುತ್ತದೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿಗೆ ಇಡು. ನಾಲ್ಕು ಸೀಟಿ ಆದ ಮೇಲೆ ಐದು ನಿಮಿಷ ಸಣ್ಣ ಉರಿ. ಕುಕ್ಕರ್ ಇಷ್ಟಕ್ಕೇ. ಕಾಳು ಬೆಂದ ಮೇಲೆ ತೆರೆದ ಪಾತ್ರೆಗೆ ಹಾಕಿಕೊಂಡು ಉಳಿದದ್ದು ನಾನು ಹೇಳಿದ ಹಾಗೇ. ಬೀದರಿನ ಕೆಲವು ಬಡಾವಣೆಗಳಲ್ಲಿ ಬೋರ್ ನೀರು ಗಡಸು ಇರಬಹುದು. ಆ ನೀರಿನಲ್ಲಿ ಒಣ ಕಾಳು ಬೇಗ ಬೇಯುವುದಿಲ್ಲ, ಕುಡಿಯುವ ನೀರನ್ನೇ ಬಳಸು. ಸೋಡಾ ಹಾಕಬೇಡ. ಬೇಗ ಬೇಯುತ್ತದೆ ನಿಜ, ಆದರೆ ಕಾಳಿನಲ್ಲಿರುವ ಬಿ ವಿಟಮಿನ್ ಹಾಳಾಗುತ್ತದೆ, ರುಚಿಯೂ ಸಾಬೂನಿನ ಕಡೆ ಹೋಗುತ್ತದೆ.

ಅತ್ತೆಗೆ ರುಬ್ಬಬೇಡ ತಂಗೀ. ರುಬ್ಬಿದ್ದನ್ನು ಕೊಟ್ಟರೆ ಕಾಯಿಲೆಯವರ ಊಟ ಅನ್ನಿಸುತ್ತದೆ ಅವರಿಗೆ. ಎಲ್ಲರ ತಟ್ಟೆಯಲ್ಲಿ ಇರುವುದೇ ತಮ್ಮ ತಟ್ಟೆಯಲ್ಲೂ ಇರಬೇಕು ಅಂತ ಹಿರಿಯರಿಗೆ ಇರುತ್ತದೆ. ಹಿಟ್ಟು ಹಚ್ಚುವ ಮೊದಲು ಕಡಗೋಲಿನಿಂದ ಇಡೀ ಪಾತ್ರೆಯನ್ನು ನಾಲ್ಕು ಸುತ್ತು ಕಡೆ. ಬದನೆಕಾಯಿ, ಗೆಣಸು, ಅರ್ಧ ಕಾಳು ಒಡೆಯುತ್ತದೆ, ಉಳಿದ ಅರ್ಧ ಹಾಗೇ ಇರುತ್ತದೆ. ಹಳೆಯವರೆಲ್ಲ ಹೀಗೇ ಮಾಡುತ್ತಿದ್ದರು. ಚವಳಿಕಾಯಿಯಲ್ಲಿ ನಾರು ಇರುತ್ತದೆ, ಅವರಿಗಾಗಿ ಅದನ್ನು ಬಿಡು. ಸೊಪ್ಪನ್ನು ಸಣ್ಣಗೆ ಹೆಚ್ಚು, ಪುಂಡಿಯ ದಂಟು ಹಾಕಬೇಡ. ರೊಟ್ಟಿ ಕಷ್ಟವಾದರೆ ಬಿಸಿ ರೊಟ್ಟಿ ಮುರಿದು ಭಜ್ಜಿಯಲ್ಲಿ ಐದು ನಿಮಿಷ ನೆನೆಯಲು ಬಿಟ್ಟು ಒಂದು ಚಮಚ ತುಪ್ಪ ಹಾಕಿ ಕೊಡು. ನಮ್ಮ ಅತ್ತೆ ಕೊನೆಯವರೆಗೂ ಹಾಗೆಯೇ ಉಂಡರು. ತಟ್ಟೆ ಎಳೆದುಕೊಂಡು ತಾವೇ ಮುರಿದುಕೊಳ್ಳುತ್ತಿದ್ದರು, ನಾವು ಮುರಿದು ಕೊಟ್ಟರೆ ಬೇಡ ಅನ್ನುತ್ತಿದ್ದರು.

ಮಕ್ಕಳಿಗೆ ಗೆಣಸು ಸ್ವಲ್ಪ ಜಾಸ್ತಿ ಹಾಕು, ಸಿಹಿ ಬರುತ್ತದೆ. ಕಾಯಿ ಸುಲಿಯಲು ಅವರನ್ನೇ ಕೂರಿಸು. ಸುಲಿಯುತ್ತಾ ಅರ್ಧ ತಿನ್ನುತ್ತಾರೆ, ತಿನ್ನಲಿ ಬಿಡು. ತಾವೇ ಸುಲಿದ ಕಾಳನ್ನು ತಟ್ಟೆಯಲ್ಲಿ ಹುಡುಕಿ ಹುಡುಕಿ ತಿನ್ನುತ್ತಾರೆ, ಆ ಹುಡುಕಾಟದಲ್ಲಿ ಸೊಪ್ಪೂ ಹೋಗುತ್ತದೆ.

ಯಾದಗಿರಿ ಸಿಸ್ಟರ್:

ನಾನು ನರ್ಸ್. ಊಟದ ವಿಷಯದಲ್ಲಿ ಅಕ್ಕನವರ ಮಾತೇ ಸರಿ. ಹಿರಿಯರಿರುವ ಮನೆ ಅಂತ ಎರಡು ವಿಷಯ ಹೇಳುತ್ತೇನೆ.

ಕಿಡ್ನಿಯಲ್ಲಿ ಕಲ್ಲು ಆಗಿರುವವರು ಪಾಲಕ ಕಡಿಮೆ ಮಾಡಿ, ಮೆಂತೆ ಜಾಸ್ತಿ ಹಾಕಿಕೊಳ್ಳಿ. ಪಾಲಕಿನಲ್ಲಿ ಕಲ್ಲು ಕಟ್ಟಿಸುವ ಆಕ್ಸಲೇಟ್ ಅನ್ನುವ ಅಂಶ ಬಹಳ ಇರುತ್ತದೆ. ಹೃದಯದ ತೊಂದರೆಗೆ ವಾರ್ಫರಿನ್ ಅನ್ನುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಗೊಳ್ಳುವವರು ಸೊಪ್ಪನ್ನು ಒಮ್ಮೆಲೇ ಜಾಸ್ತಿ ಮಾಡಬಾರದು, ಒಮ್ಮೆಲೇ ಬಿಡಲೂಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ಏರುಪೇರು ಮಾಡುತ್ತದೆ. ಅಂಥವರು ಡಾಕ್ಟರನ್ನು ಕೇಳಿಯೇ ಪ್ರಮಾಣ ಬದಲಿಸಬೇಕು. ಬೇರೆಯವರಿಗೆ ಈ ಚಿಂತೆ ಇಲ್ಲ.

ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ನಾನೇ ಭಜ್ಜಿ ಮಾಡಿಕೊಳ್ಳಿ ಅಂತ ಹೇಳುತ್ತೇನೆ. ಬಡಿಸಿದ ಮೇಲೆ ತಟ್ಟೆಯಲ್ಲಿ ನಿಂಬೆ ಹಿಂಡಿಕೊಳ್ಳಿ. ಕಾಳು ಸೊಪ್ಪಿನ ಕಬ್ಬಿಣ ಮೈಗೆ ಸೇರಲು ನಿಂಬೆಯ ವಿಟಮಿನ್ ಸಿ ನೆರವಾಗುತ್ತದೆ. ಒಲೆ ಮೇಲೆ ಹಾಕಿ ಕುದಿಸಬೇಡಿ, ಕುದಿಸಿದರೆ ಅದು ಕಡಿಮೆಯಾಗುತ್ತದೆ. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ತಾಸು ಬಿಟ್ಟು ಕುಡಿಯಿರಿ. ಚಹಾ ಕಬ್ಬಿಣವನ್ನು ಹಿಡಿದುಬಿಡುತ್ತದೆ.

ಕಲಬುರಗಿ ದಾಲ್ಚಾ:

ಮಾಂಸ ತಿನ್ನುವವರಿಗೆ ನಮ್ಮ ಮನೆಯ ದಾಲ್ಚಾ ಹೇಳಲಾ? ಚಳಿಗೆ ಅಮ್ಮಿ ಮಾಡುವುದು ಇದೇ. ಎಲುಬು ಸಮೇತ ಅರ್ಧ ಕಿಲೋ ಮಟನ್. ಅರ್ಧ ಬಟ್ಟಲು ಕಡಲೆಬೇಳೆ, ಅರ್ಧ ಬಟ್ಟಲು ತೊಗರಿಬೇಳೆ. ಕಡಲೆಬೇಳೆ ಒಂದು ತಾಸು ನೆನೆದಿರಬೇಕು. ಉಳ್ಳಾಗಡ್ಡಿ ಕೆಂಪಗೆ ಹುರಿದು, ಶುಂಠಿ ಬೆಳ್ಳುಳ್ಳಿ, ಖಾರದ ಪುಡಿ, ಅರಿಶಿನ ಹಾಕಿ ಮಟನ್ ಬೇಯಿಸಿ. ಬೇಳೆ ಬೇರೆ ಬೇಯಿಸಿ ಕಡೆದು ಅದಕ್ಕೆ ಸೇರಿಸಿ. ಸೋರೆಕಾಯಿಯ ದೊಡ್ಡ ಹೋಳು ಹಾಕಿ ಮೆತ್ತಗಾದ ಮೇಲೆ ಹುಣಸೆ ರಸ, ಪುದೀನ, ಕೊತ್ತಂಬರಿ. ಹುಳಿ ಕೊನೆಗೇ ಅಂತ ಅಕ್ಕ ಹೇಳಿದ್ದು ಇಲ್ಲಿಗೂ ಸರಿ, ಅಮ್ಮಿಯೂ ಅದನ್ನೇ ಹೇಳುತ್ತಾರೆ. ಬಗಾರಾ ಅನ್ನದ ಜೊತೆ ತಿನ್ನುವುದು. ಜೋಳದ ರೊಟ್ಟಿಗೂ ಬಹಳ ಚೆನ್ನಾಗಿರುತ್ತದೆ.

ಆಳಂದದ ಅಕ್ಕನಿಗೆ ಒಂದು ಮಾತು. ನಮ್ಮ ಓಣಿಯಲ್ಲಿ ಎಳ್ಳಮಾವಾಸ್ಯೆ ದಿನ ಗೆಳೆಯರ ಮನೆಯಿಂದ ಭಜ್ಜಿ ಡಬ್ಬಿ ಬರುತ್ತದೆ. ಅದಕ್ಕಾಗಿ ನಾವು ಅವತ್ತು ಮಧ್ಯಾಹ್ನ ಪಲ್ಯವನ್ನೇ ಮಾಡುವುದಿಲ್ಲ.

ಆಳಂದದ ಅಕ್ಕ:

ತಮ್ಮಾ, ಸೋರೆಕಾಯಿ ಬಿಟ್ಟು ಗಜ್ಜರಿ ಹಾಕಿದ ದಾಲ್ಚಾ ನಾನೂ ಉಂಡಿದ್ದೇನೆ, ಮದುವೆ ಊಟದಲ್ಲಿ. ಸೋರೆಕಾಯಿಯದೇ ಮೇಲು. ಈ ಸಲ ಡಬ್ಬಿ ಬಂದರೆ ಖಾಲಿ ಕಳಿಸಬೇಡ, ದಾಲ್ಚಾ ತುಂಬಿ ಕಳಿಸು. ಮಟನ್ ತಿನ್ನದ ಮನೆಯಾದರೆ ಬೇಳೆ ಸೋರೆಕಾಯಿ ಅಷ್ಟೇ ಹಾಕಿ ಮಾಡಿದ್ದು.

ಬೀದರಿಗೆ ಹೊಸಬಳು:

ಸಿಸ್ಟರ್, ಅತ್ತೆಗೆ ಬಿಪಿ ಮಾತ್ರೆ ಬಿಟ್ಟರೆ ಬೇರೆ ಇಲ್ಲ, ಕಲ್ಲಿನ ತೊಂದರೆಯೂ ಇಲ್ಲ. ಆದರೂ ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ಕೇಳುತ್ತೇನೆ.

ಕೊನೆಯ ಪ್ರಶ್ನೆ ಅಕ್ಕಾ. ಭಾನುವಾರ ಮಾಡಿದ್ದನ್ನು ಸೋಮವಾರಕ್ಕೆ ಇಡಬಹುದಾ? ಸೋಮವಾರ ಬೆಳಗ್ಗೆ ಎಲ್ಲರಿಗೂ ಅವಸರ, ಬಿಸಿ ಮಾಡಿ ಡಬ್ಬಿಗೆ ಹಾಕಿದರೆ ಸಾಕು ಅನ್ನಿಸುತ್ತದೆ.

ಆಳಂದದ ಅಕ್ಕ:

ಇಡಬಹುದು. ಮರುದಿನದ ಭಜ್ಜಿಯೇ ಇಷ್ಟ ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ, ಖಾರ ಹುಳಿ ಕಾಳಿನ ಒಳಗೆ ಇಳಿದಿರುತ್ತದೆ. ಆದರೆ ಒಲೆ ಮೇಲೆಯೇ ರಾತ್ರಿಯೆಲ್ಲ ಬಿಡಬೇಡ. ಚಳಿ ಇದೆ, ಏನೂ ಆಗುವುದಿಲ್ಲ ಅಂದುಕೊಳ್ಳುತ್ತೇವೆ, ದಪ್ಪ ಅಡಿಗೆ ನಡುವೆ ಬೆಚ್ಚಗೇ ಇದ್ದು ಹಳಸುತ್ತದೆ. ಊಟವಾದ ತಕ್ಷಣ ಉಳಿದದ್ದನ್ನು ಅಗಲದ ಸ್ಟೀಲ್ ಡಬ್ಬಿಗೆ ಹಾಕಿ, ಆರಿದ ಕೂಡಲೇ ಫ್ರಿಜ್ಜಿಗೆ ಇಡು. ಅಲ್ಯೂಮಿನಿಯಂ ಪಾತ್ರೆಯಲ್ಲಿ, ಕಲಾಯಿ ಹೋದ ಹಿತ್ತಾಳೆಯಲ್ಲಿ ಇಡಬಾರದು, ಹುಳಿ ಇದೆ.

ಬೆಳಗ್ಗೆ ನೋಡಿದರೆ ಕತ್ತರಿಸುವಷ್ಟು ಗಟ್ಟಿಯಾಗಿರುತ್ತದೆ. ಹಿಟ್ಟು ನೀರು ಕುಡಿದಿರುತ್ತದೆ, ಅಷ್ಟೇ. ತಣ್ಣೀರು ಸುರಿಯಬೇಡ, ಒಡೆದ ಹಾಗೆ ಆಗುತ್ತದೆ. ಒಂದು ಬಟ್ಟಲು ಕುದಿಯುವ ನೀರು ಹಾಕಿ, ಸಣ್ಣ ಉರಿಯಲ್ಲಿ ತಳ ಹತ್ತದ ಹಾಗೆ ತಿರುಗಿಸುತ್ತಾ ಚೆನ್ನಾಗಿ ಕುದಿ ಬರಿಸು. ಬೇಕಾದಷ್ಟನ್ನು ಮಾತ್ರ ತೆಗೆದು ಬಿಸಿ ಮಾಡು, ಇಡೀ ಡಬ್ಬಿಯನ್ನು ಮತ್ತೆ ಮತ್ತೆ ಕಾಯಿಸಬೇಡ. ಉಪ್ಪು ನೋಡಿ ಹಾಕು, ನೀರು ಸೇರಿದ್ದಕ್ಕೆ ಒಂದು ಚಿಟಿಕೆ ಬೇಕಾಗಬಹುದು. ಎರಡನೇ ದಿನಕ್ಕೆ ಮುಗಿಸಿಬಿಡಿ. ಮಕ್ಕಳ ಡಬ್ಬಿಗೆ ಸ್ವಲ್ಪ ಗಟ್ಟಿ ಇರುವಾಗಲೇ ಹಾಕು, ಚಪಾತಿಯಲ್ಲಿ ಸುತ್ತಿಕೊಂಡು ತಿನ್ನುತ್ತಾರೆ. ಬ್ಯಾಗಿನಲ್ಲಿ ಸೋರುವುದೂ ಇಲ್ಲ.